ಹಳೆಯ ಫೋರ್ಡ್ ಸೂಪರ್ ಡ್ಯೂಟಿಯ ಮುಂದಿನ ಸಸ್ಪೆನ್ಷನ್: ಹೊಸ ಪಟ್ಟಿಯೋ, ಶ್ಯಾಕಲ್ ಹಿಂದಕ್ಕೋ, ಕಾಯಿಲ್ ಸ್ಪ್ರಿಂಗೋ?

ಮಾರ್ಚ್ ತಿಂಗಳಲ್ಲಿ ಅಮೆರಿಕದ ಮಿಷಿಗನ್ನಿನ ರಸ್ತೆಗಳು ಹಲ್ಲು ಉದುರಿದ ಬಾಯಿಯಂತೆ ಇರುತ್ತವೆ. ಚಳಿಗಾಲವಿಡೀ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಹೊಂಡ ತೋಡಿರುತ್ತದೆ. ಅಂಥ ಒಂದು ಹೊಂಡಕ್ಕೆ ನನ್ನ 2001ರ ಫೋರ್ಡ್ ಎಫ್-250 ಪಿಕಪ್ ಟ್ರಕ್ ಇಳಿದರೆ ಲೋಟದ ಕಾಫಿ ನನ್ನ ಅಂಗಿಯ ಮೇಲಿರುತ್ತದೆ. ಊರಿಂದ ಬಂದಿದ್ದ ನನ್ನ ಅತ್ತೆ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದ್ದರು: "ಇದಕ್ಕಿಂತ ನಮ್ಮೂರಿನ ಎತ್ತಿನ ಗಾಡಿಯೇ ವಾಸಿ ಅಲ್ವಾ, ಅಳಿಯಂದಿರೇ?"

ಆ ಮಾತಿನಿಂದ ಶುರುವಾದ ಹುಡುಕಾಟ ಇದು. ಮುಂದಿನ ಸಸ್ಪೆನ್ಷನ್ ಬದಲಾಯಿಸಲು ಹೊರಟರೆ ನಾಲ್ಕಾರು ದಾರಿಗಳು ಕಾಣುತ್ತವೆ. ಒಂದೊಂದನ್ನೂ ಮಾರುವವರು ಅದೇ ಸರಿ ಅನ್ನುತ್ತಾರೆ. ಇವುಗಳಲ್ಲಿ ಎರಡನ್ನು ನಾನೇ ಮಾಡಿಸಿ ನೋಡಿದೆ. ಇನ್ನೆರಡನ್ನು ಸ್ನೇಹಿತರ ಗಾಡಿಗಳಲ್ಲಿ ಓಡಿಸಿ ನೋಡಿದೆ. ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ ಅಂದುಕೊಳ್ಳಿ.

ಮೊದಲು ನಿಮ್ಮ ಗಾಡಿ ಯಾವುದು ನೋಡಿ. ನಾನು ಹೇಳುವುದು 1999ರಿಂದ 2004ರವರೆಗಿನ ಎಫ್-250, ಎಫ್-350 ಸೂಪರ್ ಡ್ಯೂಟಿಗೆ, ಅದರಲ್ಲೂ ಫೋರ್ ವೀಲ್ ಡ್ರೈವ್ ಇರುವುದಕ್ಕೆ. ಮುಂದೆ ಬಗ್ಗಿ ನೋಡಿದರೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಎರಡು ಕಡೆ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು ಕಾಣಬೇಕು. ಫೋರ್ಡ್‌ನ ದೊಡ್ಡ ಎಸ್‌ಯುವಿ ಎಕ್ಸ್‌ಕರ್ಷನ್ ಇದ್ದರೂ ಇದೇ ಲೆಕ್ಕ. ಅದು 2005ರಲ್ಲಿ ನಿಲ್ಲುವವರೆಗೂ ಪಟ್ಟಿಯ ಮೇಲೇ ಓಡಿತು. ಟೂ ವೀಲ್ ಡ್ರೈವ್ ಗಾಡಿಯಾದರೆ ಅದರಲ್ಲಿ ಟ್ವಿನ್ ಐ-ಬೀಮ್ (ಚಕ್ರಕ್ಕೊಂದು ಬೇರೆ ತೊಲೆ), ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಅದರ ಕಥೆಯೇ ಬೇರೆ. 1980ರಿಂದ 1996ರವರೆಗಿನ ಎಫ್-250 ಫೋರ್ ವೀಲ್ ಡ್ರೈವ್‌ನಲ್ಲಿ ಆಕ್ಸಲ್ಲೇ ಎರಡು ತುಂಡು. ಅಲ್ಲಿ ಜನ ಎಫ್-350ಯಿಂದ ಡಾನಾ 60 ಎಂಬ ಗಟ್ಟಿ ಆಕ್ಸಲ್ ತಂದು ಕೂರಿಸುವುದೇ ದೊಡ್ಡ ಮಾರ್ಪಾಡು. ಅದೂ ಇಲ್ಲಿ ಬೇಡ.

ಎತ್ತಿ ಹಾಕುವುದು ಯಾಕೆ?

ಲೀಫ್ ಸ್ಪ್ರಿಂಗ್‌ನ ಒಂದು ತುದಿ ಫ್ರೇಮಿಗೆ ಗಟ್ಟಿಯಾಗಿ ಕೂತಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ ಸಿಕ್ಕಿರುತ್ತದೆ. ಪಟ್ಟಿ ಒತ್ತಿದಾಗ ಉದ್ದವಾಗುತ್ತದಲ್ಲ, ಆ ಉದ್ದಕ್ಕೆ ಜಾಗ ಕೊಡುವುದು ಶ್ಯಾಕಲ್. ಈ ಗಾಡಿಗಳಲ್ಲಿ ಫೋರ್ಡ್ ಶ್ಯಾಕಲ್ಲನ್ನು ಮುಂದಿಟ್ಟು, ಹಿಂದಿನ ತುದಿಯನ್ನು ಗಟ್ಟಿ ಮಾಡಿತು. ಹಾಗಾಗಿ ಚಕ್ರ ಒಂದು ಉಬ್ಬನ್ನು ಹತ್ತುವಾಗ ಆಕ್ಸಲ್ ಮೇಲೆ ಹೋಗುತ್ತಾ ಸ್ವಲ್ಪ ಮುಂದಕ್ಕೂ ಹೋಗುತ್ತದೆ. ಅಂದರೆ ಉಬ್ಬಿನಿಂದ ತಪ್ಪಿಸಿಕೊಳ್ಳುವ ಬದಲು ಅದಕ್ಕೇ ಹೋಗಿ ಗುದ್ದುತ್ತದೆ. ತಳ್ಳುಗಾಡಿಗೆ ಕಲ್ಲು ಅಡ್ಡ ಬಂದಾಗ ತಳ್ಳಿದರೆ ಮುಗ್ಗರಿಸುತ್ತದೆ, ತಿರುಗಿಸಿ ಎಳೆದರೆ ಹತ್ತಿಬಿಡುತ್ತದೆ. ನಮ್ಮ ಗಾಡಿ ಸದಾ ತಳ್ಳಿಸಿಕೊಳ್ಳುವ ಜಾತಿ.

ಇದಕ್ಕೆ ಸೇರಿದ್ದು ಪಟ್ಟಿಗಳ ನಡುವಿನ ಉಜ್ಜಾಟ. ಸಣ್ಣ ಸಣ್ಣ ಕುಲುಕಿಗೆ ಪಟ್ಟಿಗಳು ಒಂದರ ಮೇಲೊಂದು ಜಾರುವುದೇ ಇಲ್ಲ, ಅಂಟಿಕೊಂಡು ಒಂದೇ ಹಲಗೆಯ ಹಾಗೆ ನಿಲ್ಲುತ್ತವೆ. ಉಪ್ಪು ಸುರಿಯುವ ರಾಜ್ಯದಲ್ಲಿ ಇಪ್ಪತ್ತು ವರ್ಷ ಓಡಿದ ಗಾಡಿಯಲ್ಲಿ ಪಟ್ಟಿಗಳ ನಡುವೆ ತುಕ್ಕು ಉಬ್ಬಿರುತ್ತದೆ. ಆಮೇಲೆ ಕೇಳಬೇಕೆ?

ಗಾಡಿ ಬಿಚ್ಚುವ ಮುಂಚೆ ತೂಕ ಹಾಕಿಸಿ

ಹೆಚ್ಚಿನವರು, ನಾನೂ ಸೇರಿ, ಮೊದಲು ಕೇಳುವ ಪ್ರಶ್ನೆ "ಎಷ್ಟು ಇಂಚು ಎತ್ತಬಹುದು?" ಅಂತ. ಕೇಳಬೇಕಾದದ್ದು "ಮೂಗಿನ ಮೇಲೆ ಎಷ್ಟು ಭಾರ ಇದೆ?" ಅಂತ. ಸ್ಪ್ರಿಂಗ್‌ಗೆ ಗೊತ್ತಿರುವುದು ಭಾರ ಒಂದೇ.

ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಲಾರಿಯವರ ಸಾಲಿನಲ್ಲಿ ನಿಂತು ಗಾಡಿ ಹತ್ತಿಸಿದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಎಲ್ಲದರ ತೂಕ ಬೇರೆ ಬೇರೆ ಬರೆದ ಚೀಟಿ ಕೊಡುತ್ತಾರೆ. ನನ್ನದರ ಮುಂದಿನ ಆಕ್ಸಲ್ 4,240 ಪೌಂಡ್ ಬಂತು. ಅಂದರೆ 1,900 ಕಿಲೋ ದಾಟಿತು. 7.3 ಲೀಟರ್‌ನ ಪವರ್ ಸ್ಟ್ರೋಕ್ ಡೀಸೆಲ್ ಇಂಜಿನ್ ಒಂದೇ 400 ಕಿಲೋಗೂ ಜಾಸ್ತಿ ತೂಗುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಪೆಟ್ರೋಲ್ ಇಂಜಿನ್ ಇದ್ದರೆ ನಿಮ್ಮ ಚೀಟಿ ಬೇರೆ ಹೇಳುತ್ತದೆ.

ಟ್ರೈಲರ್ ಎಳೆಯುವವರು ಅದನ್ನು ಕಟ್ಟಿಕೊಂಡೂ ಒಮ್ಮೆ ತೂಗಿಸಿ. ಹಿಂದಿನ ಕೊಕ್ಕೆಯ ಮೇಲೆ ಭಾರ ಬಿದ್ದಾಗ ಮುಂದಿನ ಆಕ್ಸಲ್ ಹಗುರಾಗುತ್ತದೆ. ನೂರಾರು ಪೌಂಡ್ ಇಳಿದಿರಬಹುದು. ಕ್ಯಾಂಪರ್ ಕಟ್ಟಿದಾಗ ಮಾತ್ರ ಮುಂಭಾಗ ಕುಣಿಯುತ್ತದೆ ಅನ್ನುವವರಿಗೆ ಹೊಸ ಸ್ಪ್ರಿಂಗ್‌ಗಿಂತ ಭಾರ ಹಂಚುವ ಹಿಚ್ (ಟ್ರೈಲರ್ ಕಟ್ಟುವ ಕೊಂಡಿ) ಮುಖ್ಯ.

ಆಮೇಲೆ ಡ್ರೈವರ್ ಬಾಗಿಲು ತೆಗೆದು ಅಲ್ಲಿ ಅಂಟಿಸಿದ ಚೀಟಿ ಓದಿ. ಮುಂದಿನ ಆಕ್ಸಲ್ ಹೊರಬಹುದಾದ ಭಾರ ಅದರಲ್ಲಿದೆ. ಎಸ್‌ಪಿಆರ್ ಎಂಬ ಮನೆಯಲ್ಲಿ ಸ್ಪ್ರಿಂಗ್ ಕೋಡ್ ಇರುತ್ತದೆ, ಮೊದಲ ಅಕ್ಷರ ಮುಂದಿನ ಸ್ಪ್ರಿಂಗ್‌ನದು. ಫೋರ್ಡ್ ಒಂದೇ ಅಳತೆಯ ಕಟ್ಟನ್ನು ಬೇರೆ ಬೇರೆ ಗಡಸುತನದಲ್ಲಿ ಮಾಡಿತ್ತು. ಎಕ್ಸ್‌ಕರ್ಷನ್‌ಗಳಲ್ಲಿ ಕಾಣುವ ಬಿ ಮೆತ್ತಗಿನದು. ವಿ ಮತ್ತು ಎಕ್ಸ್ ಗಟ್ಟಿ ಜನ. ಹಿಮ ತಳ್ಳುವ ಪ್ಲೋ ಕಟ್ಟುವ ಗಾಡಿಗಳಿಗೆ ಅವು.

ಕೊನೆಯದಾಗಿ, ಸವೆದದ್ದನ್ನು ಮೊದಲು ಸರಿ ಮಾಡಿಸಿ. ಇದನ್ನು ನಾನು ಬೇಕಂತಲೇ ಒತ್ತಿ ಹೇಳುತ್ತಿದ್ದೇನೆ. ನನ್ನ ಗಾಡಿ ರಸ್ತೆಯ ಮೇಲೆ ಅತ್ತಿತ್ತ ಅಲೆದಾಡುತ್ತದೆ ಅಂತ ಒಂದು ಗ್ಯಾರೇಜಿಗೆ ಒಯ್ದೆ. ಅವರು ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ನಡುಕ ತಡೆಯುವ ಕೊಳವೆ), ಎರಡು ಶಾಕ್ (ಸ್ಪ್ರಿಂಗ್ ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ಬಿಲ್ಲು ಕೊಟ್ಟರು. ಅಲೆದಾಟ ಹಾಗೇ ಇತ್ತು. ಕೊನೆಗೆ ನಾನೇ ಒಂದು ಭಾನುವಾರ ಕೆಳಗೆ ಮಲಗಿದೆ. ಮಗಳನ್ನು ಸೀಟಿನಲ್ಲಿ ಕೂರಿಸಿ, ಇಂಜಿನ್ ಚಾಲೂ ಇಟ್ಟು, ಸ್ಟೇರಿಂಗ್ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲು ಹೇಳಿದೆ. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್‌ನ ಬುಷ್, ಅಂದರೆ ಅದರ ತುದಿಯ ಮೆತ್ತೆ, ಬೆರಳಗಲ ಜಾರುತ್ತಿತ್ತು. ಚಕ್ರ ಎತ್ತಿ, ಕೆಳಗಿನಿಂದ ಸಬ್ಬಲು ಕೊಟ್ಟು ಮೀಟಿದರೆ ಚಕ್ರ ತಿರುಗಲು ಬಿಡುವ ಗುಂಡು ಕೀಲು, ಬಾಲ್ ಜಾಯಿಂಟ್, ಟಕ್ ಅನ್ನುತ್ತಿತ್ತು. ಇವೆರಡನ್ನೂ ಹೊಸದು ಮಾಡಿದ ಮೇಲೆ ಗಾಡಿ ನೆಟ್ಟಗೆ ಹೋಯಿತು. ಟೈ ರಾಡ್ ತುದಿಗಳು, ಸ್ಪ್ರಿಂಗ್ ಬುಷ್‌ಗಳು, ಹಬ್ ಬೇರಿಂಗ್, ಸ್ಟೇರಿಂಗ್ ಬಾಕ್ಸ್ ಇವನ್ನೂ ಹೀಗೇ ನೋಡಿ. ಬಾಲ್ ಜಾಯಿಂಟ್ ಬಿಚ್ಚಿದಾಗ ಚಕ್ರದ ಹಬ್‌ನ ವ್ಯಾಕ್ಯೂಮ್ ಸೀಲ್‌ಗಳನ್ನೂ ಬದಲಾಯಿಸಿಬಿಡಿ, ಎರಡನೇ ಸಲ ಬಿಚ್ಚುವ ಕಷ್ಟ ತಪ್ಪುತ್ತದೆ.

ಶಾಕ್ ಮಾತ್ರ ಬದಲಾಯಿಸಿದರೆ?

ಎಲ್ಲಕ್ಕಿಂತ ಅಗ್ಗ. ಎರಡು ಗಂಟೆಯ ಕೆಲಸ. ಶಾಕ್ ಸತ್ತಿದ್ದರೆ, ಅಂದರೆ ಒಂದು ಉಬ್ಬು ದಾಟಿದ ಮೇಲೂ ಮುಂಭಾಗ ಎರಡು ಮೂರು ಸಲ ತೂಗಿದರೆ, ಇದರಿಂದ ಬಹಳ ವ್ಯತ್ಯಾಸ ಕಾಣುತ್ತದೆ. ಆದರೆ ಗಟ್ಟಿ ಸ್ಪ್ರಿಂಗ್ ಅನ್ನು ಶಾಕ್ ಮೆತ್ತಗೆ ಮಾಡುವುದಿಲ್ಲ. ಬಿಲ್‌ಸ್ಟೈನ್ 5100 ಹಾಕಿದವರು ಜಾಸ್ತಿ. ರ್‍ಯಾಂಚೋ 9000ದಲ್ಲಿ ಗುಂಡಿ ತಿರುಗಿಸಿ ಒಂಬತ್ತು ಮಟ್ಟ ಬದಲಾಯಿಸಬಹುದು. ಖಾಲಿ ಓಡಿಸುವಾಗ ಸಡಿಲ, ಟ್ರೈಲರ್ ಕಟ್ಟಿದಾಗ ಬಿಗಿ. ಒಂದು ತಿಂಗಳು ಆಟಿಕೆಯ ಹಾಗೆ ತಿರುಗಿಸಿ, ಆಮೇಲೆ ಒಂದೇ ಕಡೆ ಬಿಟ್ಟುಬಿಡುತ್ತೀರಿ. ಎಲ್ಲರೂ ಹಾಗೇ.

ಹೊಸ ಪಟ್ಟಿ ಕಟ್ಟು

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಹಳೆಯ ಸ್ಪ್ರಿಂಗ್ ಕುಸಿದು ಮೂಗು ಕೆಳಗಿತ್ತು. ಎಕ್ಸ್ ಕೋಡ್ ಹಾಕಿದರೆ ಮುಂಭಾಗ ಸುಮಾರು 2 ಇಂಚು ಏಳುತ್ತದೆ, ಗಾಡಿ ಸಮ ಆಗುತ್ತದೆ, 285/75ಆರ್16 ಟೈರ್ ಆರಾಮಾಗಿ ಕೂರುತ್ತದೆ, ಎಲ್ಲವೂ ಫೋರ್ಡ್ ಕಂಪನಿಯದೇ ಬಿಡಿಭಾಗ ಅಂತ ಕೇಳಿದ್ದೆ. ಹಾಕಿಸಿದೆ. ನೋಡಲು ಗಾಡಿ ಪೈಲ್ವಾನನ ಹಾಗೆ ನಿಂತಿತು. ಓಡಿಸಲು ಹಲಗೆಯ ಮೇಲೆ ಕೂತ ಹಾಗಿತ್ತು.

ಕಾರಣ ಸರಳ ಲೆಕ್ಕ. ಮೇಲಿನ ಭಾರಕ್ಕೆ ಒಂದು ಸ್ಪ್ರಿಂಗ್ 10 ಸೆಂಟಿಮೀಟರ್ ಕುಗ್ಗಿ ಕೂತರೆ ಅದು ಸೆಕೆಂಡಿಗೆ ಸುಮಾರು 1.6 ಸಲ ತೂಗುತ್ತದೆ. ಅದೇ ಭಾರಕ್ಕೆ 5 ಸೆಂಟಿಮೀಟರ್ ಮಾತ್ರ ಕುಗ್ಗುವ ಗಟ್ಟಿ ಸ್ಪ್ರಿಂಗ್ ಆದರೆ 2.2 ಸಲ. ಕಾರುಗಳಲ್ಲಿ ನಮಗೆ ಹಿತ ಅನಿಸುವುದು ಸೆಕೆಂಡಿಗೆ 1ರಿಂದ 1.5 ಸಲದ ಆಸುಪಾಸು. ಅದನ್ನು ಮೀರಿದಷ್ಟೂ ಬೆನ್ನಿಗೆ ಗುದ್ದು. ಗಟ್ಟಿ ಸ್ಪ್ರಿಂಗ್ ಗಾಡಿಯನ್ನು ಎತ್ತಿದ್ದು ಯಾಕೆ? ಅದು ಕುಗ್ಗಲಿಲ್ಲ, ಅದಕ್ಕೆ. ನಾನು ಕೊಂಡ ಆ 2 ಇಂಚು ಎತ್ತರ ಕುಗ್ಗದೇ ಉಳಿದ ಸ್ಪ್ರಿಂಗ್‌ನದ್ದು, ಅಷ್ಟೇ.

ಪ್ಲೋ ಕಟ್ಟುವವರಿಗೆ ಮಾತ್ರ ಇದೇ ಸ್ಪ್ರಿಂಗ್ ದೇವರು ಕೊಟ್ಟ ವರ. ಎಂಟು ಅಡಿಯ ಪ್ಲೋ 350ರಿಂದ 400 ಕಿಲೋ ತೂಗುತ್ತದೆ, ಅದೂ ಬಂಪರಿಗಿಂತ ಮುಂದೆ ನೇತಾಡುತ್ತದೆ. ಮೆತ್ತಗಿನ ಬಿ ಕೋಡ್ ಅಲ್ಲಿ ನೆಲ ಕಚ್ಚುತ್ತದೆ. ಚಳಿಗಾಲದಲ್ಲಿ ಮೂರು ತಿಂಗಳು ಮಾತ್ರ ಪ್ಲೋ ಇದ್ದು ಉಳಿದ ಒಂಬತ್ತು ತಿಂಗಳು ಖಾಲಿ ಓಡಾಡುವವರು ಮಧ್ಯದ ಗಡಸುತನದ ಸ್ಪ್ರಿಂಗ್ ಇಟ್ಟುಕೊಂಡು, ಆಕ್ಸಲ್ ಫ್ರೇಮಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ಇರುವ ಜಾಗಕ್ಕೆ ಟಿಂಬ್ರೆನ್‌ನಂಥ ಟೊಳ್ಳು ರಬ್ಬರ್ ಸ್ಪ್ರಿಂಗ್ ಹಾಕಿಕೊಳ್ಳುವುದು ಒಳ್ಳೆಯದು. ಭಾರ ಬಿದ್ದಾಗ ಅದು ಹೊರುತ್ತದೆ, ಇಲ್ಲದಾಗ ಸುಮ್ನೆ ಇರುತ್ತದೆ.

ಹಳೆಯ ಕಟ್ಟಿಗೆ ಒಂದೇ ಒಂದು ಪಟ್ಟಿ ಸೇರಿಸಿ ಎತ್ತುವುದು ಬಹಳ ಅಗ್ಗದ ದಾರಿ. ನಾನು ಬೇಡ ಅನ್ನುತ್ತೇನೆ. ಇಪ್ಪತ್ತು ವರ್ಷ ದಣಿದ ಪಟ್ಟಿಗಳ ನಡುವೆ ಹೊಸ ಗಟ್ಟಿ ಪಟ್ಟಿ ಒಂದು ಬಂದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಸವಾರಿಯೂ ಕೆಡುತ್ತದೆ. ಇನ್ನು ಮುಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ದಪ್ಪ ಕಬ್ಬಿಣದ ಬ್ಲಾಕ್ ಇಟ್ಟು ಎತ್ತುವವರಿದ್ದಾರೆ. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ, ಬ್ಲಾಕ್ ಎತ್ತರವಾದಷ್ಟೂ ಆ ಮೀಟು ಜಾಸ್ತಿ. ಸ್ಟೇರಿಂಗ್ ಇರುವ ಆಕ್ಸಲ್‌ನಲ್ಲಿ ಆ ಆಟ ಬೇಡವೇ ಬೇಡ.

ತೂಕದ ಚೀಟಿಗೆ ಸರಿಹೊಂದುವ ಹೊಸ ಕಟ್ಟು, ಹೊಸ ಬುಷ್, ಒಳ್ಳೆಯ ಶಾಕ್. ಹೆಚ್ಚಿನವರಿಗೆ ಇಷ್ಟೇ ಸಾಕು ಅಂತ ನನ್ನ ಅನಿಸಿಕೆ. ಬುಷ್‌ನಲ್ಲಿ ರಬ್ಬರ್ ಮತ್ತು ಪಾಲಿಯುರೆಥೇನ್ ಎರಡೂ ಸಿಗುತ್ತವೆ. ಪಾಲಿ ಜಾಸ್ತಿ ಬಾಳುತ್ತದೆ, ಆದರೆ ಗ್ರೀಸ್ ಕಾಣಿಸದಿದ್ದರೆ ಹಳೆ ಮನೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ದಿನಾ ಓಡಿಸುವ ಗಾಡಿಗೆ ನಾನು ರಬ್ಬರ್ ಬುಷ್ ಹಾಕಿಸಿದೆ.

4 ಇಂಚು ಎತ್ತುವ ಸ್ಪ್ರಿಂಗ್

35 ಇಂಚಿನ ಟೈರ್ ಬೇಕು, ಕಾಡಿಗೆ ಮರಳಿಗೆ ಇಳಿಸಬೇಕು ಅನ್ನುವವರಿಗೆ ಇದು. ಅಂದಕ್ಕೆ ಮಾತ್ರ ಆದರೆ ಒಮ್ಮೆ ಯೋಚಿಸಿ. ಗಾಡಿ ಎತ್ತಿದಾಗ ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗುವ ಸಲಾಕೆ) ಮತ್ತು ಟ್ರ್ಯಾಕ್ ಬಾರ್ ಎರಡೂ ಓರೆಯಾಗುತ್ತವೆ. ಇವೆರಡರ ಓರೆ ಒಂದೇ ಇರಬೇಕು. ಇಲ್ಲದಿದ್ದರೆ ಉಬ್ಬು ಬಂದಾಗ ನೀವು ಮುಟ್ಟದೆಯೇ ಸ್ಟೇರಿಂಗ್ ತಿರುಗುತ್ತದೆ. ಅದಕ್ಕೆ ಕೆಳಗೆ ಇಳಿಯುವ ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸ್‌ನ ತೋಳು), ಟ್ರ್ಯಾಕ್ ಬಾರ್‌ಗೆ ಕೆಳಗಿನ ಬ್ರ್ಯಾಕೆಟ್ ಎರಡನ್ನೂ ಒಟ್ಟಿಗೇ ಹಾಕಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿದರೆ ಏನೂ ಹಾಕದಿದ್ದಕ್ಕಿಂತ ಕೆಟ್ಟದಾಗಬಹುದು. ಬ್ರೇಕ್ ಹೋಸ್ ಉದ್ದದ್ದು ಬೇಕು. ಆಕ್ಸಲ್‌ನ ಉಸಿರಾಟದ ಟ್ಯೂಬ್ ಬಿಗಿಯಾಗದಂತೆ ನೋಡಬೇಕು. ಹೆಡ್‌ಲೈಟ್ ಕೆಳಗಿಳಿಸಿ ಹೊಂದಿಸಬೇಕು, ಎದುರಿಗೆ ಬರುವವರ ಶಾಪ ಯಾಕೆ ಬೇಕು?

ಶ್ಯಾಕಲ್ ಹಿಂದಕ್ಕೆ

ಫೋರ್ಡ್ ಮುಂದಿಟ್ಟ ಶ್ಯಾಕಲ್ಲನ್ನು ಹಿಂದಕ್ಕೆ ಒಯ್ಯುವ ಕಿಟ್‌ಗಳು ಸಿಗುತ್ತವೆ. ಅಮೆರಿಕದ ಟ್ರಕ್ ಜನ ಇದನ್ನು ಆರ್‌ಎಸ್‌ಕೆ, ಅಂದರೆ ರಿವರ್ಸ್ ಶ್ಯಾಕಲ್ ಕಿಟ್ ಅನ್ನುತ್ತಾರೆ. ಪಟ್ಟಿಯ ಮುಂದಿನ ತುದಿ ಗಟ್ಟಿಯಾಗುತ್ತದೆ, ಹಿಂದಿನದು ತೂಗಾಡುತ್ತದೆ. ಈಗ ಉಬ್ಬು ಬಂದರೆ ಆಕ್ಸಲ್ ಮೇಲೆ ಹೋಗುತ್ತಾ ಹಿಂದಕ್ಕೆ ಸರಿಯುತ್ತದೆ. ತಳ್ಳುಗಾಡಿಯನ್ನು ತಿರುಗಿಸಿ ಎಳೆದ ಹಾಗೆ.

ಪಕ್ಕದ ಊರಿನಲ್ಲಿರುವ ಸ್ನೇಹಿತರೊಬ್ಬರು ತಮ್ಮ 2003ರ ಎಫ್-350ಗೆ ಇದನ್ನು ಮಾಡಿಸಿದ್ದಾರೆ. ಒಂದೇ ದಿನ ಎರಡೂ ಗಾಡಿಯನ್ನು ಒಂದೇ ರಸ್ತೆಯ ಮೇಲೆ ಓಡಿಸಿ ನೋಡಿದೆವು. ಐ-94 ಹೆದ್ದಾರಿಯ ಕಾಂಕ್ರೀಟ್ ಸಂದುಗಳ ಮೇಲೆ ನನ್ನ ಗಾಡಿ ಟಪ್ ಟಪ್ ಅಂತ ಸ್ಟೇರಿಂಗ್‌ಗೆ ಹೊಡೆಯುತ್ತಿದ್ದರೆ ಅವರದ್ದು ಧಪ್ ಅಂತ ನುಂಗಿಕೊಂಡು ಹೋಗುತ್ತಿತ್ತು. ಪಟ್ಟಿಗಳು ಹಳೆಯವೇ, ಶಾಕ್ ಕೂಡ ಅದೇ ಜಾತಿ. ಜಾಗ ಮಾತ್ರ ಬದಲು. ಖರ್ಚು ಮತ್ತು ಸುಖ ಎರಡನ್ನೂ ತಕ್ಕಡಿಗೆ ಹಾಕಿದರೆ ಈ ಎಲ್ಲ ದಾರಿಗಳಲ್ಲಿ ಇದಕ್ಕೇ ನನ್ನ ಮೊದಲ ಮಣೆ. ಹೊಂಡದ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅಂತ ಸೇರಿಸಿಕೊಳ್ಳಿ.

ತೊಂದರೆಗಳೂ ಇವೆ. ಬ್ರೇಕ್ ಒತ್ತಿದಾಗ ಮೂಗು ಮೊದಲಿಗಿಂತ ಜಾಸ್ತಿ ಬಾಗುತ್ತದೆ. ಹಿಂದಿನ ತುದಿ ಗಟ್ಟಿ ಇದ್ದಾಗ ಬ್ರೇಕಿನ ಬಲ ಪಟ್ಟಿಯನ್ನು ಮೇಲಕ್ಕೆತ್ತಲು ಸ್ವಲ್ಪ ಸಹಾಯ ಮಾಡುತ್ತಿತ್ತು. ಈಗ ಆ ಸಹಾಯ ಹೋಯಿತು. ಎರಡನೆಯದು, ಆಕ್ಸಲ್ ಹಿಂದಕ್ಕೆ ಸರಿಯುವುದೆಂದರೆ ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹತ್ತಿರ ಬರುವುದು. ಮುಂದಿನ ಡ್ರೈವ್ ಶಾಫ್ಟಿನ ಜಾರುವ ಭಾಗಕ್ಕೆ ಒಳಗೆ ಹೋಗಲು ಜಾಗ ಇರಬೇಕು. ಇಲ್ಲದಿದ್ದರೆ ದೊಡ್ಡ ಹೊಂಡದಲ್ಲಿ ಅದು ಗುದ್ದಿ ಟ್ರಾನ್ಸ್‌ಫರ್ ಕೇಸನ್ನೇ ಒಡೆಯಬಹುದು. ಕೂರಿಸಿದ ಮೇಲೆ ಜ್ಯಾಕ್ ಕೊಟ್ಟು ಸ್ಪ್ರಿಂಗ್ ಪೂರ್ತಿ ಒತ್ತಿಸಿ ಅಳತೆ ನೋಡುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಶ್ಯಾಕಲ್ ನಿಂತ ಕೋನವೂ ಮುಖ್ಯ. ಗಾಡಿ ನೆಲದ ಮೇಲೆ ನಿಂತಾಗ ಅದರ ಕೆಳತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಮುಂದಕ್ಕೆ ವಾಲಿದ್ದರೆ ಪಟ್ಟಿ ಉದ್ದವಾಗಲು ಒದ್ದಾಡುತ್ತದೆ, ಕೊಟ್ಟ ದುಡ್ಡು ದಂಡ.

ಫ್ರೇಮಿಗೆ ತೂತು ಕೊರೆಯುವ ಕೆಲಸವೂ ಇದೆ, ಹಳೆಯ ಬ್ರ್ಯಾಕೆಟ್ ಬಿಚ್ಚುವ ಕೆಲಸವೂ ಇದೆ. ತುಕ್ಕು ಹಿಡಿದ ಫ್ರೇಮಾದರೆ ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಅನ್ನಬೇಕು. ಪೊಳ್ಳು ಸದ್ದು ಬಂದರೆ ಅಥವಾ ಹೆಕ್ಕಳಿಕೆ ಎದ್ದರೆ ಅಂಥ ಫ್ರೇಮಿಗೆ ಹೊಸ ಬ್ರ್ಯಾಕೆಟ್ ಕಟ್ಟುವುದು ಅಪಾಯ. ಪ್ಲೋ ಕಟ್ಟುವವರು ಕಿಟ್ ಕೊಳ್ಳುವ ಮುಂಚೆ ಅಳತೆ ನೋಡಿಕೊಳ್ಳಬೇಕು. ಪ್ಲೋದ ಚೌಕಟ್ಟು ಕೂರುವುದೂ ಫ್ರೇಮಿನ ಅದೇ ಮುಂತುದಿಯಲ್ಲಿ.

ಕಾಯಿಲ್ ಸ್ಪ್ರಿಂಗ್

2005ರಲ್ಲಿ ಫೋರ್ಡ್ ತಾನೇ ಸೋತು ಮುಂದೆ ಕಾಯಿಲ್ ಸ್ಪ್ರಿಂಗ್ ಹಾಕಿತು. ಆಕ್ಸಲ್ ಹಿಡಿಯಲು ಎರಡು ರೇಡಿಯಸ್ ಆರ್ಮ್, ಅಡ್ಡಕ್ಕೆ ಒಂದು ಟ್ರ್ಯಾಕ್ ಬಾರ್. ಪಟ್ಟಿಗಳ ಉಜ್ಜಾಟ ಇಲ್ಲ. ಚಕ್ರ ಜಾಸ್ತಿ ತಿರುಗುತ್ತದೆ, ಹಾಗಾಗಿ ಚಿಕ್ಕ ಜಾಗದಲ್ಲಿ ಗಾಡಿ ತಿರುಗಿಸಬಹುದು. ಹಳೆಯ ಸೂಪರ್ ಡ್ಯೂಟಿಯನ್ನು ಅಂಗಡಿಯ ಪಾರ್ಕಿಂಗ್‌ನಲ್ಲಿ ತಿರುಗಿಸಿದವರಿಗೆ ಇದರ ಬೆಲೆ ಗೊತ್ತು. ಬ್ರೇಕ್ ಕೂಡ ದೊಡ್ಡದು.

ಅದನ್ನು ಹಳೆಯ ಗಾಡಿಗೆ ತರಲು ಎರಡು ದಾರಿ. ಒಂದು, ನಿಮ್ಮ ಆಕ್ಸಲ್ಲನ್ನೇ ಇಟ್ಟುಕೊಂಡು ಅದಕ್ಕೆ ಕಾಯಿಲ್ ಕೂರುವ ಬಟ್ಟಲು, ಆರ್ಮ್‌ನ ಬ್ರ್ಯಾಕೆಟ್ ಎಲ್ಲ ವೆಲ್ಡ್ ಮಾಡಿಸುವುದು. ಎರಡು, ಗುಜರಿಯಿಂದ 2005 ಅಥವಾ ನಂತರದ ಇಡೀ ಆಕ್ಸಲ್ ತಂದು, ಫ್ರೇಮಿಗೆ ಕಿಟ್‌ನ ಬ್ರ್ಯಾಕೆಟ್ ಕಟ್ಟಿ ಕೂರಿಸುವುದು. ಎರಡನೆಯದು ದೊಡ್ಡ ಕೆಲಸವಾದರೂ ಚೊಕ್ಕ. ದೊಡ್ಡ ಬ್ರೇಕ್, ಜಾಸ್ತಿ ತಿರುಗುವ ಚಕ್ರ ಎರಡೂ ಆ ಆಕ್ಸಲ್ ಜತೆಗೇ ಬರುತ್ತವೆ. ಬೋಲ್ಟಿನ ಅಳತೆ ಎರಡರಲ್ಲೂ 8 ಬೋಲ್ಟ್, 170 ಮಿಲಿಮೀಟರ್. ಆದರೆ ದೊಡ್ಡ ಬ್ರೇಕಿನ ಮೇಲೆ 16 ಇಂಚಿನ ರಿಮ್ ಕೂರುವುದಿಲ್ಲ, 17 ಇಂಚಾದರೂ ಬೇಕು. ಆಕ್ಸಲ್ ಅಗಲ ಹೆಚ್ಚು, ಹಾಗಾಗಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೊರಗೆ ಚಾಚುತ್ತದೆ. ಆಕ್ಸಲ್ ಕೊಳ್ಳುವಾಗ ಗೇರ್ ಅನುಪಾತ ಕೇಳಲು ಮರೆಯಬೇಡಿ. ಹಿಂದೆ 3.73 ಇದ್ದು ಮುಂದೆ 4.10 ಬಂದರೆ ಒಣ ರಸ್ತೆಯಲ್ಲಿ ಫೋರ್ ವೀಲ್ ಹಾಕಿದ ದಿನ ಏನಾದರೂ ಒಂದು ಮುರಿಯುತ್ತದೆ.

ಕಾಯಿಲ್ ಗಾಡಿಗಳದ್ದೇ ಒಂದು ಕಾಯಿಲೆ ಹೆಸರುವಾಸಿ: ಡೆತ್ ವಾಬಲ್. ಗಂಟೆಗೆ 50-60 ಮೈಲಿ ವೇಗದಲ್ಲಿ ಒಂದು ಸಂದು ಸಿಕ್ಕಿದ ಕೂಡಲೇ ಮುಂದಿನ ಚಕ್ರಗಳೆರಡೂ ದೆವ್ವ ಹಿಡಿದ ಹಾಗೆ ಅಲುಗಾಡತೊಡಗುತ್ತವೆ. ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಬ್ರೇಕ್ ಗಬಕ್ಕನೆ ಒತ್ತದೆ ಮೆಲ್ಲಗೆ ವೇಗ ಇಳಿಸಿ. ಸಾಮಾನ್ಯವಾಗಿ ಕಾರಣ ಟ್ರ್ಯಾಕ್ ಬಾರ್‌ನ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರುವುದು. ಪಟ್ಟಿ ಗಾಡಿಗೂ ಇದು ಬರದೇ ಇರುವುದಿಲ್ಲ. ಆದರೆ ಪಟ್ಟಿಯೇ ಆಕ್ಸಲ್ಲನ್ನು ಅಡ್ಡಕ್ಕೆ ಬಿಗಿಯಾಗಿ ಹಿಡಿಯುವುದರಿಂದ ಸ್ವಲ್ಪ ಸವೆತವನ್ನು ತಡೆದುಕೊಳ್ಳುತ್ತದೆ. ಕಾಯಿಲ್‌ನಲ್ಲಿ ಅಡ್ಡಕ್ಕೆ ಹಿಡಿಯುವುದು ಟ್ರ್ಯಾಕ್ ಬಾರ್ ಒಂದೇ. ಗುಜರಿ ಆಕ್ಸಲ್ ತರುವವರು ಅದರ ಬಾಲ್ ಜಾಯಿಂಟ್‌ಗಳನ್ನು ಕೆಳಗಿಟ್ಟಾಗಲೇ ಹೊಸದು ಮಾಡಿಸಲಿ. ಸ್ಟೇರಿಂಗ್ ಡ್ಯಾಂಪರ್ ಹಾಕಿ ಕೈತೊಳೆದುಕೊಂಡರೆ ರೋಗ ಮುಚ್ಚುತ್ತದೆ, ಹೋಗುವುದಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಕಾಲೇಜು ಗೆಳೆಯ ತನ್ನ 7.3ಕ್ಕೆ ಇದನ್ನು ಮಾಡಿಸಿದ್ದಾನೆ. ಹೋದ ದೀಪಾವಳಿಗೆ ಹೋದಾಗ ಕೊಟ್ಟ, ಓಡಿಸಿದೆ. ನಿಜಕ್ಕೂ ಬೇರೆಯೇ ಗಾಡಿ. ಎಷ್ಟಾಯಿತೋ ಅಂದೆ. "ಲೆಕ್ಕ ಬರೆದ ಚೀಟಿ ಹೆಂಡತಿಗೆ ಸಿಗದ ಹಾಗೆ ಇಟ್ಟಿದ್ದೀನಿ ಮಾರಾಯ" ಅಂದ. ಆಕ್ಸಲ್, ಕಿಟ್, ರಿಮ್, ಟೈರ್, ಕೂಲಿ ಸೇರಿದರೆ ಎಷ್ಟೋ ಹಳೆಯ ಟ್ರಕ್ಕುಗಳ ಬೆಲೆಯನ್ನೇ ಮುಟ್ಟುತ್ತದೆ. ಸವಾರಿ ಒಂದಕ್ಕೇ ಆದರೆ 2005ರ ನಂತರದ ಗಾಡಿಯನ್ನೇ ಕೊಳ್ಳುವುದು ಅಗ್ಗ. ಆದರೆ 7.3 ಇಂಜಿನ್ ಆಗ ಇರಲಿಲ್ಲ. 2003ರಲ್ಲೇ ಅದರ ಜಾಗಕ್ಕೆ 6.0 ಬಂದಿತ್ತು. ಈ ಇಂಜಿನ್ ಬಿಡಲಾರೆ, ಆ ಸವಾರಿಯೂ ಬೇಕು ಅನ್ನುವವರ ಹಠಕ್ಕೆ ಮಾತ್ರ ಈ ದಾರಿ. ನನ್ನ ಗೆಳೆಯ ಅಂಥವನೇ.

ಕೆಲಸಕ್ಕೆ ಕೂತಾಗ

ಯಾವ ದಾರಿ ಹಿಡಿದರೂ ಹಳೆಯ ಸ್ಪ್ರಿಂಗ್ ಬೋಲ್ಟ್ ನಿಮ್ಮನ್ನು ಅಳಿಸುತ್ತದೆ. ಉಪ್ಪಿನ ರಾಜ್ಯಗಳಲ್ಲಿ ಬೋಲ್ಟ್ ಬುಷ್‌ನ ಒಳಗಿನ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತದೆ. ಒಂದು ವಾರ ಮುಂಚಿನಿಂದ ದಿನಾ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಆಗಲೂ ಬರದಿದ್ದರೆ ಕತ್ತರಿಸುವುದೇ ಗತಿ. ಹೊಸ ಬೋಲ್ಟ್ ತಂದಿಟ್ಟುಕೊಳ್ಳದೆ ಶನಿವಾರ ಸಂಜೆ ಶುರು ಮಾಡಬೇಡಿ, ಸೋಮವಾರ ಬಸ್ಸಿಗೆ ಕಾಯಬೇಕಾಗುತ್ತದೆ. ನಮ್ಮ ಊರಲ್ಲಿ ಬಸ್ಸೂ ಇಲ್ಲ.

ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್‌ಗಳು ಒಂದು ಸಲ ಬಿಗಿದ ಮೇಲೆ ಹಿಗ್ಗಿರುತ್ತವೆ. ಹಳೆಯದನ್ನು ಮತ್ತೆ ಹಾಕಬೇಡಿ. ಹೊಸದನ್ನು ಗಾಡಿಯ ಭಾರ ನೆಲಕ್ಕಿಳಿದ ಮೇಲೆ ಬಿಗಿದು, 100 ಮೈಲಿ ಓಡಿಸಿ ಮತ್ತೊಮ್ಮೆ, 500 ಮೈಲಿಗೆ ಇನ್ನೊಮ್ಮೆ ಬಿಗಿಯಿರಿ. ರಬ್ಬರ್ ಬುಷ್ ಇರುವ ಬೋಲ್ಟನ್ನೂ ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ ಅಲೈನ್‌ಮೆಂಟ್. ಗಟ್ಟಿ ಆಕ್ಸಲ್‌ಗೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಗೆ ಹೊರಗೆ ತಿರುಗಿರುವ ಅಳತೆ) ಬಿಟ್ಟು ಬೇರೇನೂ ಹೊಂದಿಸಲು ಆಗುವುದಿಲ್ಲ ಅಂತ ಹೇಳಿ ಕಳಿಸುವವರಿದ್ದಾರೆ. ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನವನ್ನೂ ಬದಲಾಯಿಸಬಹುದು. ಮೇಲಿನ ಬಾಲ್ ಜಾಯಿಂಟ್‌ನ ಸುತ್ತ ಇರುವ ಓರೆ ತೂತಿನ ಬಳೆಯನ್ನು ಬೇರೆ ಅಳತೆಯದಕ್ಕೆ ಬದಲಿಸಬೇಕು. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಬಿಲ್ಲೆ ಇಡುವ ದಾರಿಯೂ ಇದೆ, ಆದರೆ ಅದರಿಂದ ಡ್ರೈವ್ ಶಾಫ್ಟಿನ ಕೋನವೂ ಬದಲಾಗುತ್ತದೆ. ದೊಡ್ಡ ಟೈರ್ ಇದ್ದರೆ ಕ್ಯಾಸ್ಟರ್ 3ರಿಂದ 4 ಡಿಗ್ರಿಯ ಆಸುಪಾಸು ಇರಲಿ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದು ಮುಖ್ಯವಾಗಿ ಇದರಿಂದ.

ನಾನು ಏನು ಮಾಡಿದೆ ಅಂತ ಕೇಳಿದರೆ, ಎಕ್ಸ್ ಕೋಡ್ ಬಿಚ್ಚಿ ತೂಕದ ಚೀಟಿಗೆ ಹೊಂದುವ ಮೆತ್ತಗಿನ ಹೊಸ ಕಟ್ಟು ಹಾಕಿಸಿದೆ. ಎತ್ತರ ಒಂದೂವರೆ ಇಂಚು ಇಳಿಯಿತು. ಆರ್‌ಎಸ್‌ಕೆಗೆ ಮುಂದಿನ ಬೇಸಿಗೆಯಲ್ಲಿ ಕೈ ಹಾಕಬೇಕು ಅಂದುಕೊಂಡಿದ್ದೇನೆ. ಬಿಚ್ಚಿದ ಸ್ಪ್ರಿಂಗ್‌ಗಳು ಗ್ಯಾರೇಜಿನ ಮೂಲೆಯಲ್ಲಿ ಆರು ತಿಂಗಳು ಬಿದ್ದಿದ್ದವು. ಚಳಿಗಾಲ ಶುರುವಾಗುವ ಮುಂಚೆ ನಮ್ಮ ಬೀದಿಯ ಹಿಮ ತಳ್ಳುವವರು ಅವನ್ನು ನೋಡಿ, ಕೇಳಿ, ತಮ್ಮ 2000ದ ಎಫ್-250ಗೆ ಹಾಕಿಕೊಂಡರು. ಮುಂದೆ ಪ್ಲೋ ನೇತಾಡಿಸಿಕೊಂಡು ಅದೇ ಹೊಂಡಗಳ ಮೇಲೆ ಅವರು ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಕಾಫಿ ಲೋಟ.